ಚೆಲ್ಲದೆ ಉಳಿದ ಬಾಟಲಿ

ಅಲೆವೂರು, ಶನಿವಾರ

ಜೋಯಲ್,

ನನ್ನನ್ನು ಕೇಳದೆ ನಮ್ಮ ಪ್ರಯೋಗ ಸೋತಿತೆಂದು ಗೈಡ್ ಮೇಡಂಗೆ ನೀನು ಹೇಳಿದ್ದು ತಪ್ಪು.

ನಾವು ಬೆಳೆಸಿದ ಡಯಾಟಮ್‌ಗಳು, ಆ ಒಂಟಿಕೋಶದ ಕಡಲಪಾಚಿಗಳು, ಪ್ರತಿ ಸಲ ಎರಡಾಗಿ ಒಡೆದಾಗಲೂ ಚಿಕ್ಕವಾಗುತ್ತಿದ್ದದ್ದು ನಿಜ. ಹಳೆಯ ಗಾಜಿನ ಚಿಪ್ಪಿನೊಳಗೇ ಹೊಸ ಚಿಪ್ಪು ಕಟ್ಟುವ ಜೀವಿ ಕುಗ್ಗಲೇಬೇಕು. "ಇವು ಸಾಯ್ತಾ ಉಂಟು ಮಾರಾಯ್ತಿ, ಸಿಂಕಿಗೆ ಚೆಲ್ಲು" ಎಂದು ನೀನು ಹೇಳಿದೆ. ನಾನು ಚೆಲ್ಲಲಿಲ್ಲ. ಅಷ್ಟು ಕುಗ್ಗಿದ ಮೇಲೆಯೇ ಅವು ಕೂಡುತ್ತವೆಂದು ಕಿರುಪುಸ್ತಿಕೆಯಲ್ಲಿ ಓದಿದ್ದೆ. ಆದರೆ ಒಂದು ಬಾಟಲಿಯಲ್ಲಿ ಒಂದೇ ಕೋಶದ ಸಂತಾನ. ಜೋಡಿ ಎಲ್ಲಿಂದ ಬರಬೇಕು? ಅದಕ್ಕೇ, ನೀನು ಕಾಪುವಿನ ಕಡಲಿನಿಂದ ತಂದು ಬೆಳೆಸಿದ್ದನ್ನು ನಾನೇ ನನ್ನ ಮಲ್ಪೆಯ ಬಾಟಲಿಗೆ ಸುರಿದೆ.

ಇಂದು ಲ್ಯಾಬಿಗೆ ಹೋಗಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಅವು ಕೂಡಿವೆ! ಹುಟ್ಟಿದ ಕೋಶಗಳು ಹೆತ್ತವುಗಳಿಗಿಂತ ಎಷ್ಟೋ ಪಟ್ಟು ಉದ್ದವಾಗಿವೆ.

ಮೇಡಂ ಪ್ರಾಜೆಕ್ಟ್ ರದ್ದು ಮಾಡುವ ಮೊದಲು ನೀನೇ ತಿದ್ದಿ ಹೇಳಬೇಕು. ಕ್ಯಾಮೆರಾ ತಾ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ, ಮಣಿಪಾಲದ ಲ್ಯಾಬಿನಲ್ಲಿ.

ಸೌಮ್ಯಶ್ರೀ