ಸಾದಲಿ ಬಂಡೆಯ ಕಡಲು

ಜಂಗಮಕೋಟೆ
ಬುಧವಾರ, 13-3-2024

ನನ್ನ ಮುದ್ದು ಯಾಮಿನಿಗೆ,

ನಿನ್ನ ಅಜ್ಜಿ ವೆಂಕಟರತ್ನಮ್ಮ ಬರೆಯುವುದು. ನಾನು ಚೆನ್ನಾಗಿದ್ದೇನೆ. ಮಂಡಿ ಮಾತ್ರ ನನ್ನ ಮಾತು ಕೇಳುವುದಿಲ್ಲ. ಈ ಮನೆಯಲ್ಲಿ ಬೇರೆ ಯಾರು ಕೇಳುತ್ತಾರೆ, ಅದನ್ನು ಅನ್ನುವುದಕ್ಕೆ! ಹೊಟ್ಟೆಯೊಳಗಿನ ಕೂಸು ಬಹಳ ಒದೆಯುತ್ತಿದೆ ಎಂದು ನಿನ್ನ ಗಂಡ ಅಂಬರೀಶ್ ಹೇಳಿದ. ಒದೆಯಲಿ. ನಿನ್ನ ಹಾಗೇ ಇದ್ದರೆ ಇನ್ನೂ ಒದೆಯುತ್ತದೆ.

ಭಾನುವಾರವೇ ಬರೆಯಬೇಕಿತ್ತು, ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ರೇಷ್ಮೆ ಹುಳು ನಾಲ್ಕನೇ ಜ್ವರ ಮುಗಿಸಿ, ಪೊರೆ ಬಿಟ್ಟು ಎದ್ದಿವೆ. ಈಗ ಎಷ್ಟು ಸೊಪ್ಪು ಹಾಕಿದರೂ ಸಾಲದು, ಮದುವೆ ಮನೆಗೆ ಬಂದ ನೆಂಟರ ಹಾಗೆ ಮೇಯುತ್ತವೆ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ನೀನು ಸ್ಪೀಕರಿಗೆ ಹಾಕುತ್ತೀಯ, ನಾನು ನಿನ್ನನ್ನು ಕೇಳಿದ್ದಕ್ಕೆಲ್ಲ ನಿಮ್ಮತ್ತೆ ಅಕ್ಕಯ್ಯಮ್ಮ ಉತ್ತರ ಕೊಡುತ್ತಾರೆ. ಈ ಕಾಗದವನ್ನು ಒಬ್ಬಳೇ ಓದಿಕೋ. ನಾಲ್ಕನೇ ಕ್ಲಾಸಿಗೆ ನಿಂತುಹೋದ ಅಕ್ಷರ, ನಿಧಾನವಾಗಿ ಓದು.

ಮೊದಲು ವಿಷಯ ಹೇಳಿಬಿಡುತ್ತೇನೆ. ನಿನ್ನ ಸೀಮಂತ ಆ ಪಾರ್ಟಿ ಜಾಗದಲ್ಲಿ ಬೇಡ. ಅಲ್ಲಿಗೆ ನೀನು ಕಾಲೇ ಇಡಬಾರದು.

ಭಾನುವಾರ ನಿನ್ನ ನಾದಿನಿ ಹರಿತಾ ತನ್ನ ತಾಯಿಯನ್ನೂ ಕರೆದುಕೊಂಡು ನಮ್ಮ ಮನೆಗೆ ಬಂದಳು. "ಅಜ್ಜಿ, ಹೋಗಿ ಜಾಗ ನೋಡ್ಕೊಂಡು ಬರಣ. ನೀವು ಹೂಂ ಅಂದ್ರೆ ಮುಂದಿನ ಭಾನುವಾರಕ್ಕೆ ಫಿಕ್ಸ್" ಅಂದಳು. ಪಕ್ಕದ ಬೀದಿಯ ಉಸ್ಮಾನ್ ಸಾಬರ ವ್ಯಾನಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಹರಿತಾಳದೇ ಮಾತು.

"ಕ್ಯಾರಿಬಿಯನ್ ಥೀಮ್ ಅಜ್ಜಿ!"

"ಅದ್ಯಾವೂರಮ್ಮ?"

"ವೆಸ್ಟ್ ಇಂಡೀಸ್ ಕ್ರಿಕೆಟ್ ಟೀಮ್ ಇಲ್ವಾ, ಅವರ ಕಡೆ. ಸಮುದ್ರ, ಮರಳು, ಡ್ಯಾನ್ಸು."

"ಬಸುರಿಗೆ ಬಳೆ ತೊಡಿಸೋಕೆ ಕ್ರಿಕೆಟ್‌ನೋರು ಯಾಕೆ ಬೇಕೇ?"

ನಿಮ್ಮತ್ತೆ ಸೆರಗು ಬಾಯಿಗೆ ಹಿಡಿದು ನಕ್ಕರು. "ಹೋಗ್ಲಿ ಬಿಡಿ ವೆಂಕಟರತ್ನಮ್ಮನೋರೇ, ನಮಗೇನು, ಊಟ ಚೆನ್ನಾಗಿದ್ರೆ ಸಾಕು."

"ಡೇ ಪಾರ್ಟಿ ಅಜ್ಜಿ. ಹಗಲು ಹೊತ್ತೇ ಎಲ್ಲ ಮುಗಿದೋಗುತ್ತೆ, ಭಯ ಇಲ್ಲ" ಅಂದಳು ಹರಿತಾ.

ಇವಳಿಗೆ ಯಾರು ಹೇಳಬೇಕು? ನಮ್ಮಲ್ಲಿ ಬಸುರಿಯನ್ನು ನಡುಮಧ್ಯಾಹ್ನ ನೀರಿನ ಹತ್ತಿರ ಬಿಡುವುದಿಲ್ಲ, ನೀರಿನ ದಡದಲ್ಲಿ ಅವಳ ಹೆಸರು ಹಿಡಿದು ಕೂಗುವುದೂ ಇಲ್ಲ. ನೆರಳು ಕಾಲಡಿಗೆ ಸೇರುವ ಹೊತ್ತು ರಾತ್ರಿಗಿಂತ ಕೆಟ್ಟದ್ದು.

ಸಾದಲಿ ದಾಟಿ, ಹೊಸದಾಗಿ ಹಾಕಿದ ರಸ್ತೆಯಲ್ಲಿ ಹೋಗಿ ವ್ಯಾನು ನಿಂತಿತು. ಬಿದಿರಿನ ದೊಡ್ಡ ಗೇಟು, ಅದರ ಮೇಲೆ ಪ್ಲಾಸ್ಟಿಕ್ಕಿನ ಗಿಳಿಗಳು, ಒಳಗಿನಿಂದ ಹಾಡಿನ ಅಬ್ಬರ. ಉಸ್ಮಾನ್ ಸಾಬರು ಇಳಿಯಲಿಲ್ಲ.

"ಯಾಕೆ ಸಾಬರೇ, ಹಾಡು ಹಿಡಿಸ್ಲಿಲ್ವಾ?" ಅಂದೆ.

ಅವರು ಸ್ಟೇರಿಂಗನ್ನೇ ನೋಡುತ್ತಿದ್ದರು. "ರಸ್ತೆ ಬೇರೆ ಕಡೆಯಿಂದ ಮಾಡಿದಾರಮ್ಮ. ಇಲ್ಲಿಗೆ ಬರೋವರ್ಗೂ ನನಗೂ ಗೊತ್ತಾಗ್ಲಿಲ್ಲ. ಇದು ಅದೇ ಬಂಡೆ. ನೀವೂ ಒಳಗೆ ಹೋಗ್ಬೇಡಿ."

ಅದೇ ಬಂಡೆ ಕಣೇ. ಕಲ್ಲು ಒಡೆಯುವವರು ಒಡೆದು ಬಿಟ್ಟುಹೋದ ಹಳ್ಳ. ನಿಮ್ಮಮ್ಮ, ನನ್ನ ಮಗಳು ರಾಮಲಕ್ಷ್ಮಿ, ಬಟ್ಟೆ ಒಗೆಯಲು ಹೋಗಿ ಮನೆಗೆ ಬಾರದೆ ಉಳಿದದ್ದು ಇಲ್ಲೇ. ನೀನಾಗ ನನ್ನ ಸೊಂಟದ ಮೇಲಿದ್ದ ಕೂಸು. ಹಿಂಡಿಟ್ಟ ಬಟ್ಟೆ ಕಲ್ಲಿನ ಮೇಲೆ ಸಿಕ್ಕಿತು. ಹಗ್ಗ ಕಟ್ಟಿಕೊಂಡು ನೀರಿಗಿಳಿದು ಹುಡುಕಿದವರಲ್ಲಿ ಉಸ್ಮಾನ್ ಸಾಬರೂ ಒಬ್ಬರು. ಅವಳು ಸಿಗಲಿಲ್ಲ. ಇಷ್ಟು ನಿನಗೆ ಗೊತ್ತು. ಜಾಗವನ್ನು ಮಾತ್ರ ನಾನು ನಿನಗೆ ಯಾವತ್ತೂ ತೋರಿಸಿರಲಿಲ್ಲ.

ಆಗಲೇ ತಿರುಗಿ ಹೋಗೋಣ ಅನ್ನಬೇಕಿತ್ತು. ಕಾಲು ಮಾತ್ರ ಒಳಗೆ ನಡೆಯಿತು.

ಗೇಟಿನಲ್ಲಿ ಕೈಗೆ ಹಳದಿ ಪಟ್ಟಿ ಕಟ್ಟಿದರು, ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ ಕಟ್ಟುತ್ತಾರಲ್ಲ ಹಾಗೆ. ಬಂಡೆಯ ಮೇಲೆಲ್ಲ ಮರಳು ಸುರಿದಿದ್ದಾರೆ. ಎಲ್ಲಿಂದಲೋ ಬೇರುಸಮೇತ ಕಿತ್ತು ತಂದ ತೆಂಗಿನಮರಗಳನ್ನು ಕಂಬ ಊರಿ ನಿಲ್ಲಿಸಿದ್ದಾರೆ, ಗರಿ ಒಣಗುತ್ತಿದೆ. ಎಣ್ಣೆ ಪೀಪಾಯಿ ಕತ್ತರಿಸಿ ಮಾಡಿದ ವಾದ್ಯವನ್ನು ಒಬ್ಬ ಕೋಲಿನಿಂದ ತಟ್ಟುತ್ತಿದ್ದ. ಮೆಣಸಿನ ಮಸಾಲೆ ಮೆತ್ತಿ ಕೆಂಡದ ಮೇಲೆ ಸುಟ್ಟ ಕೋಳಿ, ತೆಂಗಿನ ಹಾಲಿನಲ್ಲಿ ಕಾಳು ಹಾಕಿ ಬೇಯಿಸಿದ ಅನ್ನ. ಊಟಕ್ಕೆ ಹೆಸರಿಡುವ ಹಾಗಿರಲಿಲ್ಲ, ಇದ್ದದ್ದನ್ನು ಹೇಳಬೇಕು. ಹುಡುಗ ಹುಡುಗಿಯರು ಬರಿಗಾಲಲ್ಲಿ ಕುಣಿಯುತ್ತಿದ್ದರು. ಅವರ ಮುಂದೆಯೇ ಆ ನೀರು. ನೀಲಿ ಅಂದರೆ ನೀಲಿ, ಬಟ್ಟೆಗೆ ಹಾಕುವ ನೀಲಿ ಕದಡಿದ ಹಾಗೆ. ಅಷ್ಟು ಗಾಳಿಗೂ ಅದರ ಮೇಲೆ ಒಂದು ಅಲೆಯಿಲ್ಲ.

"ನೋಡಿ ಅಜ್ಜಿ, ಥೇಟ್ ಸಮುದ್ರ!" ಅಂದಳು ಹರಿತಾ.

ಸೂರ್ಯ ನೆತ್ತಿಗೆ ಬಂದಿದ್ದ. ಮೈಕ್ ಹಿಡಿದವನೊಬ್ಬ ಬಂದು ಯಾರ ಫಂಕ್ಷನ್ ಎಂದು ಕೇಳಿದ. ನಾನು ಅವಳ ಕೈ ಹಿಡಿಯುವಷ್ಟರಲ್ಲಿ ಹರಿತಾ ನಿನ್ನ ಹೆಸರು ಹೇಳಿಯಾಗಿತ್ತು. ಅವನು ನೀರಿನ ಕಡೆ ತಿರುಗಿ, "ಮುಂದಿನ ಸಂಡೇ ಇಲ್ಲಿಗೆ ಬರ್ತಿದಾರೆ, ಯಾಮಿನೀ!" ಎಂದು ಕೂಗಿದ.

ಎದುರು ಬಂಡೆ ನಿನ್ನ ಹೆಸರನ್ನು ವಾಪಸ್ ಕೂಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೂಗಿದವನು ಗಂಡಸು ಯಾಮಿನಿ, ವಾಪಸ್ ಬಂದದ್ದು ಹೆಂಗಸಿನ ದನಿ.

ಆಮೇಲೆ ಪೀಪಾಯಿಯ ತಾಳದ ನಡುವೆ ಇನ್ನೊಂದು ಸದ್ದು ಕೇಳತೊಡಗಿತು. ಕಲ್ಲಿಗೆ ಬಟ್ಟೆ ಬಡಿಯುವ ಸದ್ದು. ಆಚೆ ದಡದಲ್ಲಿ, ಮನುಷ್ಯರು ಇಳಿಯಲು ದಾರಿಯೇ ಇಲ್ಲದ ಕಡೆ, ಒಬ್ಬಳು ಬಗ್ಗಿ ಬಟ್ಟೆ ಒಗೆಯುತ್ತಿದ್ದಳು. ನಿನ್ನ ಹೆಸರು ಕೇಳಿ ಕೈ ನಿಲ್ಲಿಸಿ ಈ ಕಡೆ ನೋಡಿದಳು.

"ಅಲ್ಲಿ ಯಾರೇ ಅದು?" ಎಂದು ಹರಿತಾಳನ್ನು ಕೇಳಿದೆ.

"ಎಲ್ಲಜ್ಜಿ? ಯಾರೂ ಇಲ್ಲ."

"ಬಿಸಿಲಿಗೆ ಕಣ್ಣು ಮಂಜಾಗಿರ್ಬೇಕು ಕಣ್ರೀ, ನೆರಳಿಗೆ ಬನ್ನಿ" ಅಂದರು ನಿಮ್ಮತ್ತೆ. ಕಣ್ಣಿನ ಪೊರೆ ತೆಗೆಸಿ ವರ್ಷವಾಗಿಲ್ಲ, ನನಗೆ ಸೂಜಿಗೆ ದಾರ ಪೋಣಿಸಲು ಬರುತ್ತದೆ.

ನಾನು ಹೂಂ ಅನ್ನದೆ ಬಂದಿದ್ದೇನೆ. ಹರಿತಾ ಮುಖ ಊದಿಸಿಕೊಂಡಿದ್ದಾಳೆ, ಎರಡು ದಿನಕ್ಕೆ ಇಳಿಯುತ್ತದೆ. ನಿಮ್ಮತ್ತೆಗೆ, "ತಾಯಿ ಸತ್ತ ನೀರಿನ ಮುಂದೆ ಮಗಳನ್ನು ಕೂರಿಸಿ ಬಳೆ ತೊಡಿಸ್ತೀರಾ?" ಎಂದು ಕೇಳಿದೆ. ಅವರು ಒಳ್ಳೆಯವರು, ಹೆದರಿ ಬೇಡವೇ ಬೇಡ ಅಂದರು. ಈಗ ನೀನೊಬ್ಬಳು ಹಟ ಮಾಡದಿದ್ದರೆ ಸಾಕು. ಇಲ್ಲೇ ನಮ್ಮ ನಡುಮನೆಯಲ್ಲಿ ಕೂರಿಸಿ ಮಾಡುತ್ತೇನೆ. ಬೇಕಾದರೆ ಆ ಕೋಳಿಯನ್ನೂ ಸುಡಿಸೋಣ.

ಹೊತ್ತಿಗೆ ಸರಿಯಾಗಿ ಉಣ್ಣು. ಒಬ್ಬಳೇ ನೀರಿನ ಕಡೆ ಹೋಗಬೇಡ. ನನ್ನ ಆಯುಸ್ಸಿನಲ್ಲಿ ಉಳಿದದ್ದೆಲ್ಲ ನಿನಗೂ ನಿನ್ನ ಕೂಸಿಗೂ ಸೇರಲಿ.

ಇಂತಿ ನಿನ್ನ ಅಜ್ಜಿ,
ವೆಂಕಟರತ್ನಮ್ಮ

ಮರೆತದ್ದು: ಮರೆತಿರಲಿಲ್ಲ, ಬರೆಯಬಾರದು ಅಂತಿದ್ದೆ. ಅವರಿಬ್ಬರೂ ಊಟ ತರಲು ಹೋದಾಗ ಆ ಆಚೆ ದಡದವಳು ನನ್ನ ಹತ್ತಿರ ಬಂದಳು. ಸೀರೆಯಿಂದ ನೀರು ಸೋರುತ್ತಿತ್ತು. ಈಗ ಅವಳು ನಿನಗಿಂತ ಚಿಕ್ಕವಳು ಕಣೇ. "ಅಮ್ಮಾ, ಯಾರೋ ನಮ್ಮ ಪಾಪು ಹೆಸರು ಕೂಗಿದ್ರು. ಕರ್ಕೊಂಡು ಬಂದಿದೀಯಾ? ಕೊಡು, ಹಸಿದಿರುತ್ತೆ" ಎಂದು ಕೈ ಚಾಚಿದಳು. ನಾನು ಅವಳ ಮುಖ ನೋಡಿಕೊಂಡೇ, "ಯಾವ ಪಾಪುನಮ್ಮ? ನೀನು ಯಾರ ಮನೆಯೋಳು? ನನಗೆ ನೀನು ಗೊತ್ತಿಲ್ಲ" ಅಂದೆ. ಅವಳು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಳು. "ತಪ್ಪಾಯ್ತಮ್ಮ, ನಮ್ಮಮ್ಮ ಅನ್ಕೊಂಡೆ" ಅಂದಳು. ಅವಳು ನಡೆದು ಹೋಗಿ ನೀರಿಗೆ ಇಳಿಯುವವರೆಗೂ ನೋಡುತ್ತಾ ಕೂತಿದ್ದೆ. ಕರೆಯಲಿಲ್ಲ.