ಕಾರಂಜಾ ಸೇತುವೆಯ ಜಾರುಗಾಲ

ಭಾಲ್ಕಿ, ಶಕವರ್ಷ ೨೩೧೭, ಕಾರ್ತಿಕ ಬಹುಳ ಪಂಚಮಿ

ನನ್ನ ಹಿರಿಯರಿಗೆ, ಇನ್ನೂ ಹುಟ್ಟಬೇಕಾದ ನೀಲಾಂಬಿಕೆಯ ಶರಣು.

ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಮಾತುಗಳು ನಮಗೂ ಹಾಗೆಯೇ. ನಿಮ್ಮ ಕಾಲದವರು ನಮ್ಮ ಬೀದರ ಸೀಮೆಯನ್ನು ಬಿಸಿಲ ನಾಡು ಎನ್ನುತ್ತಿದ್ದರಂತೆ. ಈಗ ಮಾಘ ಬಂದರೆ ಇಲ್ಲಿಯ ರಸ್ತೆಗಳು ಹೆಪ್ಪುಗಟ್ಟುತ್ತವೆ. ಹವೆ ಯಾಕೆ ಹೀಗೆ ತಿರುಗಿತು ಎಂಬುದನ್ನು ಬಲ್ಲವರು ಬರೆಯಲಿ. ನಾನು ಗಾಡಿ ಓಡಿಸುವವಳು. ತಾವಾಗಿಯೇ ಓಡುವ ಗಾಡಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೆ ಚಳಿಗಾಲದಲ್ಲಿ ಅವು ಹಟಮಾರಿ ಎತ್ತಿನ ಹಾಗೆ ನಿಂತುಬಿಡುತ್ತವೆ. ಆಗ ಎಲ್ಲರಿಗೂ ನಮ್ಮಂಥ ಕೈಚಾಲಕರ ನೆನಪಾಗುತ್ತದೆ.

ಎಲ್ಲಕ್ಕಿಂತ ಮೋಸದ್ದು ನಾವು ಗಾಜುದಾರಿ ಎನ್ನುವುದು. ರಸ್ತೆ ಬರೀ ಒದ್ದೆಯಾದಂತೆ ಕಾಣುತ್ತದೆ, ಮೇಲೆ ಮಾತ್ರ ಕಣ್ಣಿಗೆ ಬೀಳದ ಮಂಜುಗಡ್ಡೆಯ ಪದರ. ಅಲ್ಲಿ ಬ್ರೇಕ್ ಒತ್ತಿದವನು ಕೆಟ್ಟ. ಆಕ್ಸಿಲರೇಟರ್ ಮೇಲಿನ ಕಾಲು ಮೆಲ್ಲಗೆ ತೆಗೆಯಬೇಕು, ಗಾಡಿಯ ಹಿಂಬದಿ ಯಾವ ಕಡೆ ಜಾರಿತೋ ಆ ಕಡೆಗೇ ಸ್ಟೇರಿಂಗ್ ತಿರುಗಿಸಬೇಕು, ಮುಂದಿನ ಗಾಡಿಯನ್ನು ಬೀಗರಂತೆ ದೂರವಿಟ್ಟು ಗೌರವಿಸಬೇಕು. ಸರ್ಕಾರ ಇದನ್ನೆಲ್ಲ ಬೋರ್ಡು ಹಾಕಿ ಹೇಳಿತು, ದಂಡವನ್ನೂ ಹಾಕಿತು. ನಮ್ಮ ಜನ ಕೇಳಿದರೇ? ಮುಹೂರ್ತ ಮೀರಬಾರದೆಂದು ಓಡಿ ದಿಬ್ಬಣಗಳೇ ಹಳ್ಳಕ್ಕೆ ಬಿದ್ದವು. ಕೊನೆಗೆ ಪಂಚಾಂಗ ಬರೆಯುವವರೊಬ್ಬರು ರಾಹುಕಾಲದ ಕೆಳಗೆ ಜಾರುಗಾಲ ಎಂದು ಇನ್ನೊಂದು ಸಾಲು ಅಚ್ಚು ಹಾಕಿಸಿದರು: ಬೆಳಗ್ಗೆ ಇಂತಿಷ್ಟು ಹೊತ್ತಿನವರೆಗೆ ಗಾಡಿ ಹೊರಡಿಸಬಾರದು. ಪೊಲೀಸರಿಗೆ ಹೆದರದವರು ಪಂಚಾಂಗಕ್ಕೆ ಹೆದರಿದರು. ನೆನೆದಾಗಲೆಲ್ಲ ನನಗೆ ನಗು ಬರುತ್ತದೆ.

ಹೋದ ಮಾಘದಲ್ಲಿ ನನ್ನ ಒಬ್ಬಳೇ ಮಗಳು ಗಂಗಾಂಬಿಕೆಯ ಮದುವೆ ಹುಮನಾಬಾದಿನಲ್ಲಿತ್ತು. ಬೀಗರನ್ನು ಕರೆತರುವುದು ಹೆಣ್ಣಿನ ಕಡೆಯವರ ಕೆಲಸ. ವರನನ್ನೂ ಅವನ ಬಳಗವನ್ನೂ ಭಾಲ್ಕಿಯಿಂದ ನಾನೇ ಕೂರಿಸಿಕೊಂಡು ಹೊರಟೆ. ಪಂಚಾಂಗದ ಜಾರುಗಾಲ ಮುಗಿದಿತ್ತು, ಆದರೆ ಮೋಡ ಕವಿದು ಬಿಸಿಲೇ ಬಿದ್ದಿರಲಿಲ್ಲ. ದಾರಿಯಲ್ಲಿ ಕಾರಂಜಾ ಹೊಳೆಯ ಸೇತುವೆಯ ಈಚೆ ಗಾಡಿ ನಿಲ್ಲಿಸಿದೆ. ಕೆಳಗೂ ಗಾಳಿಯಾಡುವುದರಿಂದ ಸೇತುವೆ ರಸ್ತೆಗಿಂತ ಮೊದಲು ಹೆಪ್ಪುಗಟ್ಟುತ್ತದೆ, ಎಲ್ಲಕ್ಕಿಂತ ಕೊನೆಗೆ ಕರಗುತ್ತದೆ. ವರನ ಸೋದರಮಾವ ಗುರುಪಾದಪ್ಪನವರು ಪಂಚಾಂಗವನ್ನು ನನ್ನ ಮೂಗಿಗೇ ಹಿಡಿದರು.

"ಜಾರುಗಾಲ ಮುಗದು ಎಷ್ಟೊತ್ತಾತು! ಮುಹೂರ್ತ ಮೀರಿದ್ರ ಈ ಲಗ್ನ ಬ್ಯಾಡೇ ಬ್ಯಾಡ ನಮಗ. ಹೊಡೀರಿ ಗಾಡಿ!"

"ಮುಹೂರ್ತಕ್ಕ ಮೊದಲ ಹುಡುಗ ಬೇಕಲ್ರಿ," ಎಂದೆ.

ಬಾಯಲ್ಲಿ ಹಾಗೆಂದರೂ ನನ್ನ ಮನಸ್ಸೆಲ್ಲ ಹುಮನಾಬಾದಿನಲ್ಲಿತ್ತು. ಆಚೆ ಮಗಳು ಬಾಸಿಂಗ ಕಟ್ಟಿಕೊಂಡು ಕಾಯುತ್ತಿದ್ದಳು. ಹೆತ್ತ ತಾಯಿಯೇ ಲಗ್ನ ಮುರಿದಳು ಎಂದು ನಾಲ್ಕು ಜನ ಆಡಿಕೊಂಡರೆ? ಅವಳೇ ಹಾಗೆಂದುಕೊಂಡರೆ? ಗುರುಪಾದಪ್ಪನವರು ಸಿಟ್ಟಿನಿಂದ ಇಳಿದು, ಮಂಜುಗಡ್ಡೆ ಇಲ್ಲವೆಂದು ತೋರಿಸಲು ಸೇತುವೆಯ ಮೇಲೆ ದಾಪುಗಾಲು ಹಾಕಿದರು. ಮರುಗಳಿಗೆಯಲ್ಲಿ ಜರಿ ರುಮಾಲು ಒಂದು ಕಡೆ, ಅವರೊಂದು ಕಡೆ. ಯಾರೂ ನಗಲಿಲ್ಲ. ಅವರು ಬಿದ್ದ ಜಾಗದ ಪಕ್ಕದಲ್ಲೇ ಸೇತುವೆಯ ಕಂಬಿ ಮುರಿದಿತ್ತು. ಹಿಂದೊಂದು ದಿಬ್ಬಣ ಅಲ್ಲಿಂದಲೇ ಹೊಳೆಗೆ ಬಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಕೈ ಹಿಡಿದು ಎಬ್ಬಿಸಿದಾಗ ಅವರು, "ಇರ್ಲಿ ತಾಯಿ, ಬಿಸಲ ಬರ್ಲಿ," ಎಂದರು.

ಬಿಸಿಲು ಬಂದು ಸೇತುವೆಯ ಮಂಜುಗಡ್ಡೆ ಕರಗಿ, ನಾವು ಮಂಟಪ ಮುಟ್ಟಿದಾಗ ಮಧ್ಯಾಹ್ನವಾಗಿತ್ತು, ಮುಹೂರ್ತ ಮೀರಿತ್ತು. ಗಂಗಾಂಬಿಕೆ ಬಾಗಿಲಲ್ಲೇ ನಿಂತು, ಇಳಿಯುವವರ ಮುಖಗಳನ್ನು ಒಂದೊಂದಾಗಿ ನೋಡಿ, ಆಮೇಲೆ ನನ್ನನ್ನು ತಬ್ಬಿಕೊಂಡು ಅತ್ತಳು. ಲಗ್ನ ಮಾಡಿಸುವ ಸ್ವಾಮಿಗಳು ಪಂಚಾಂಗ ಮಡಿಚಿಟ್ಟು, "ಎಲ್ಲಾರೂ ಬಂದ ಗಳಿಗಿನೇ ಚೊಲೋ ಗಳಿಗಿ," ಎಂದು ಅಕ್ಕಿಕಾಳು ಹಾಕಿಸಿದರು. ಈಗ ಅವಳು ಬಸುರಿ. ಮುಂದಿನ ವಾರ ಬಸುರಿಗೆ ಉಡಿ ತುಂಬುವ ಕುಬಸ ಇಟ್ಟುಕೊಂಡಿದ್ದೇವೆ.

ಹಿರಿಯರೇ, ನಿಮ್ಮ ರಸ್ತೆಗಳಲ್ಲಿ ಮಂಜುಗಡ್ಡೆ ಇಲ್ಲವೆಂದು ಬಲ್ಲೆ. ಮಳೆ ಇದೆ, ಮಬ್ಬು ಇದೆ, ಅವಸರವಂತೂ ಇದ್ದೇ ಇದೆ. ನಿಮ್ಮಲ್ಲಿ ನನ್ನ ಮುತ್ತಜ್ಜಿಯ ಮುತ್ತಜ್ಜಿ ಯಾರೋ ನನಗೆ ತಿಳಿಯದು. ಆದ್ದರಿಂದ ಎಲ್ಲರಿಗೂ ಕೈಮುಗಿದು ಕೇಳುತ್ತೇನೆ. ತಡವಾದರೆ ಆಗಲಿ, ಬೈಯುವವರು ಬೈಯಲಿ. ನೀವು ಮನೆ ಮುಟ್ಟಿದರೆ ತಾನೇ ನಾವು ಹುಟ್ಟುವುದು.