ಮುಟ್ಟಿ ನೋಡಿದ ಬಾವುಟ

ಭಾನುವಾರ, ಬೆಳಿಗ್ಗೆ

ನಮ್ಮ ಮನೆಯವರಿಗೆ ನಮಸ್ಕಾರ,

ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀರಿ ಎಂದು ನಂಬಿದ್ದೇನೆ, ಪೂರ್ತಿಯಾಗಿ ಅಲ್ಲ. ಮಗಳೂ ನಾನೂ ಚೆನ್ನಾಗಿದ್ದೇವೆ. ಹೊರಡುವಾಗ, "ಕಿವಿ ಕೇಳದವರಿಗೆಲ್ಲ ಸೇರಿ ಒಂದು ಬಾವುಟ ಯಾಕೆ? ಅದರಿಂದ ಕಿವಿ ಕೇಳುತ್ತಾ?" ಅಂದಿದ್ದಿರಲ್ಲ. ಆ ಬಾವುಟವನ್ನು ನಿನ್ನೆ ಆರಿಸಿ ಆಯಿತು.

ಎಷ್ಟೋ ದೇಶಗಳವರು ಕಿಕ್ಕಿರಿದ ಸಭಾಂಗಣ. ಜಗಳವೋ ಜಗಳ, ಆದರೆ ಕುರ್ಚಿ ಸರಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ಎಲ್ಲರ ಕೈಗಳೂ ಓಡುತ್ತಿದ್ದವು. ಪಿಳಿಪಿಳಿ ಕಣ್ಣು ಬಿಡುತ್ತಿದ್ದವಳು ನಾನೊಬ್ಬಳೇ. ಪಕ್ಕದಲ್ಲಿದ್ದ ದುಭಾಷಿ ಹುಡುಗಿ ಎಲ್ಲವನ್ನೂ ಬಿಡಿಸಿ ಹೇಳುತ್ತಿದ್ದಳು. ಕೊನೆಗೆ ಉಳಿದದ್ದು ಎರಡು ಬಾವುಟ: ಒಂದರಲ್ಲಿ ಅಡ್ಡಗೆರೆ ಎಳೆದ ಕಿವಿ, ಇನ್ನೊಂದರಲ್ಲಿ ಬಿಚ್ಚಿದ ಅಂಗೈ.

ನಮ್ಮ ಮಗಳು ವೇದಿಕೆ ಹತ್ತಿದಳು. "ನಮ್ಮಲ್ಲಿ ಇಲ್ಲದ್ದನ್ನ ಯಾಕೆ ಹೊತ್ಕೊಂಡು ತಿರುಗೋಣ? ಇರೋದನ್ನ ಹಾರಿಸೋಣ" ಎಂದಳಂತೆ. ಮನೆಯಲ್ಲಿ ನೀರು ಕೇಳಲೂ ಕೈ ಎತ್ತಲು ಹಿಂಜರಿಯುವ ಮಗಳು!

ಆಗ ಮುಂದಿನ ಸಾಲಿನಿಂದ ಒಬ್ಬ ಬಡಗಿ ಎದ್ದ. ಅವನಿಗೆ ಕಿವಿಯೂ ಕೇಳದು, ಕಣ್ಣೂ ಕಾಣದು. ಹೆಂಡತಿ ಅವನ ಅಂಗೈಯೊಳಗೆ ಸನ್ನೆ ಮಾಡಿ ಎಲ್ಲ ತಿಳಿಸುತ್ತಾಳೆ. "ನನಗೆ ಎರಡೂ ಬರೀ ಬಟ್ಟೆ. ನಾನು ನಿಮ್ಮವನಲ್ವಾ?" ಅಂತ ಕೈಯಲ್ಲೇ ಕೇಳಿದ. ಓಡುತ್ತಿದ್ದ ಕೈಗಳೆಲ್ಲ ನಿಂತವು.

ಮಗಳು ನೇರ ನನ್ನ ಹತ್ತಿರ ಬಂದು ಹೊಲಿಯುವ ಸನ್ನೆ ಮಾಡಿದಳು. ನನ್ನ ಚೀಲದಲ್ಲಿ ಸೂಜಿದಾರ ಇಲ್ಲದ ದಿನ ಇದೆಯೇ? ಊಟದ ಬಿಡುವಿನಲ್ಲಿ ಆ ದಪ್ಪ ಉಣ್ಣೆಯ ಶಾಲು ಕತ್ತರಿಸಿ (ನೀವು ಕೊಡಿಸಿದ್ದೇ, ಬೈಯಬೇಡಿ) ಎರಡು ಬಾವುಟಕ್ಕೂ ಬೆರಳಿಗೆ ಸಿಗುವಂತೆ ಚಿತ್ರ ಹೊಲಿದೆ. ಕಿವಿಗೂ ಮೋಸ ಮಾಡಲಿಲ್ಲ.

ಬಡಗಿ ಕಿವಿಯನ್ನು ಸವರಿ ಪಕ್ಕಕ್ಕೆ ಸರಿಸಿದ. ಅಂಗೈ ಸಿಕ್ಕಿದ್ದೇ ತಡ, ಬೆರಳಿಗೆ ಬೆರಳು ಕೂಡಿಸಿ ಗಹಗಹಿಸಿ ನಕ್ಕುಬಿಟ್ಟ. ಅಷ್ಟು ದೊಡ್ಡ ಸಭೆಯಲ್ಲಿ ಆ ನಗು ಕೇಳಿಸಿದ್ದು ನನಗೂ ದುಭಾಷಿಗೂ ಮಾತ್ರ.

ಅಂಗೈಗೆ ಮತ ಕೇಳಿದಾಗ ಕೈಗಳ ಕಾಡೇ ಎದ್ದಿತು. ನಾನೂ ಎರಡೂ ಕೈ ಎತ್ತಿದೆ. "ಅಮ್ಮಾ, ನಿಮಗೆ ಓಟಿಲ್ಲ" ಅಂತ ದುಭಾಷಿ ಹಿಡಿದು ಇಳಿಸಿದಳು. ಆದರೂ ಅಂಗೈ ಗೆದ್ದಿತು!

ಶಾಲು ಕಳೆದುಕೊಂಡರೂ ಹಿಗ್ಗುತ್ತಿರುವ,
ನಿಮ್ಮ ಮನೆಯಾಕೆ

ಬರೆಯಲು ಮರೆತೆ: ಇಲ್ಲಿ ಒಬ್ಬೊಬ್ಬರಿಗೂ ಹೆಸರಿನ ಬದಲು ಒಂದೊಂದು ಸನ್ನೆ. ನನಗೆ ನಿನ್ನೆ ಸಿಕ್ಕಿತು, ಹಲ್ಲಿನಲ್ಲಿ ದಾರ ಕಡಿಯುವುದು. ನಿಮ್ಮದು ಮಗಳ ಹತ್ತಿರ ಚಿಕ್ಕಂದಿನಿಂದಲೂ ಇದೆಯಂತೆ. ತೋರಿಸಿದಳು, ನಕ್ಕು ನಕ್ಕು ಅತ್ತುಬಿಟ್ಟೆ. ಏನೆಂದು ನಾನು ಹೇಳುವುದಿಲ್ಲ, ನೀವೇ ಅವಳನ್ನು ಕೇಳಿ. ಕೈಯಲ್ಲಿ ಕೇಳುವುದು ಹೇಗೆಂದು ನಾನು ಕಲಿತಿದ್ದೇನೆ, ಬಂದು ಕಲಿಸುತ್ತೇನೆ.